ತೌಡಿಗೆ ಕೊಂಡ ಕೂಸು

ಉಣಕಲ್ ಇನ್ನೂ ಉಣಕಲ್ ಆಗಿಯೇ ಇದ್ದ ಕಾಲ ಅದು. ಹುಬ್ಬಳ್ಳಿ ಅದನ್ನು ನುಂಗಿರಲಿಲ್ಲ. ಪೇಟೆಗೆ ಹೋಗಿಬಂದವರು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಧಾರವಾಡದ ಕಡೆ ಹೋಗುವ ಸಂಜೆಯ ರೈಲು ಸಿಳ್ಳೆ ಹಾಕಿದರೆ ಹೆಂಗಸರು ಒಲೆ ಹೊತ್ತಿಸುತ್ತಿದ್ದರು. ಊರಿಗೆಲ್ಲ ಅದೇ ಗಡಿಯಾರ. ರೈಲು ತಡವಾದ ದಿನ ರೊಟ್ಟಿಯೂ ತಡ, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಆ ಊರಲ್ಲಿ ಹತ್ತಿ ವ್ಯಾಪಾರಿ ಗುರುಸಿದ್ದಯ್ಯನ ಹೆಂಡತಿ ರತ್ನವ್ವ, ಸಾವಿರದ ಒಂಬೈನೂರ ಮೂವತ್ತಾರರ ಮಳೆಗಾಲದಲ್ಲಿ ಮೂರನೆಯ ಸಲ ಹಡೆದಳು.

ಮೊದಲಿನ ಎರಡೂ ಉಳಿದಿರಲಿಲ್ಲ. ಮೊದಲನೆಯದು ಹೆಣ್ಣು, ನಗುವುದನ್ನು ಕಲಿತ ವಾರದಲ್ಲೇ ಜ್ವರ ಬಂದು ಹೋಯಿತು. ಎರಡನೆಯದು ಗಂಡು, ಅದಕ್ಕೆ ನಗುವಷ್ಟೂ ಪುರುಸೊತ್ತು ಸಿಗಲಿಲ್ಲ. ಆ ಎರಡು ಕೂಸುಗಳನ್ನು ರತ್ನವ್ವ ಮೈಮೇಲೆ ಎಚ್ಚರವಿಲ್ಲದಂತೆ ಮುದ್ದಾಡಿದ್ದಳು. ಅವು ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು, ಎದ್ದರೆ ಎದ್ದಿವೆ ಅಂತ ಕುಣಿಯುತ್ತಿದ್ದಳು.

ಮೂರನೆಯದನ್ನು ಸೂಲಗಿತ್ತಿ ಒರೆಸಿ ಪಕ್ಕಕ್ಕೆ ಮಲಗಿಸಿದಾಗ ರತ್ನವ್ವ ಹೊರಳಿ ನೋಡಿದಳು. ಕೆಂಪಗೆ, ಸುಕ್ಕುಸುಕ್ಕಾಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು. ಒಳಗಿನಿಂದ ಏನೋ ಉಕ್ಕಿ ಬರಬೇಕಿತ್ತಲ್ಲ, ಅದಕ್ಕಾಗಿ ಕಾದಳು. ಹಿಂದಿನ ಎರಡು ಸಲವೂ ಅದು ಹಾಲಿಗಿಂತ ಮೊದಲೇ ಬಂದಿತ್ತು. ಈ ಸಲ ಬರಲಿಲ್ಲ. ಸ್ಟೇಶನ್ನಿನಲ್ಲಿ ಯಾರೋ ‘ಒಂದೀಟು ನೋಡ್ಕೋತ ಕುಂಡ್ರವಾ’ ಎಂದು ಪಕ್ಕದಲ್ಲಿಟ್ಟು ಹೋದ ಗಂಟಿನ ಹಾಗೆ ಕೂಸು ಮಲಗಿತ್ತು. ಅವಳು ನೋಡಿಕೊಂಡಳು, ಅಷ್ಟೇ.

ದಣಿವಿರಬೇಕು, ನಾಳೆ ಬಂದೀತು ಅಂದುಕೊಂಡಳು. ನಾಳೆ ಬಂತು. ಅದು ಬರಲಿಲ್ಲ.

ಅವಳ ಅತ್ತೆ ಶಿವಬಸವ್ವನಿಗೆ ಬೇರೆಯದೇ ಚಿಂತೆ. ಶಿವಬಸವ್ವ ಒಂದು ಮಾತು ಹೇಳಿದರೆ ಸಾಕ್ಷಾತ್ ಶಿವನೂ ಎರಡನೇ ಮಾತಾಡುತ್ತಿರಲಿಲ್ಲ, ಇನ್ನು ಮಗ ಗುರುಸಿದ್ದಯ್ಯನ ಪಾಡೇನು!

“ಈ ಕೂಸು ನಮ್ಮದಲ್ಲ. ಮಾರಿಬಿಡೂನು,” ಅಂದಳು ಆಕೆ.

ಹುಟ್ಟಿದ ಕೂಸುಗಳು ನಿಲ್ಲದ ಮನೆಯಲ್ಲಿ ಆಗ ಹೀಗೆ ಮಾಡುತ್ತಿದ್ದರು. ಮುಂದೆ ಹುಟ್ಟಿದ್ದನ್ನು ಬೇರೆಯವರಿಗೆ ತೌಡಿಗೆ ಮಾರುವುದು. ಸಾವು ಹುಡುಕಿಕೊಂಡು ಬಂದರೆ ‘ಈ ಮನ್ಯಾಗ ಕೂಸಿಲ್ಲ’ ಎಂದು ಕೇಳಿ ಬಾಗಿಲಿಂದಲೇ ಹಿಂದಿರುಗಬೇಕು. ಕೂಸು ಹಡೆದವಳ ಹತ್ತಿರವೇ ಬೆಳೆಯುತ್ತಿತ್ತು, ಆದರೆ ಅವಳು ಸಾಕುವವಳು ಮಾತ್ರ. ಜವಳ ತೆಗೆಸುವ ದಿನ, ಅಂದರೆ ಮೊದಲ ಕೂದಲು ಬೋಳಿಸುವ ದಿನ, ತಿರುಗಿ ಕೊಂಡುಕೊಳ್ಳಬೇಕು.

ಕೊಳ್ಳುವವಳು ಹುಸೇನಬಿ. ಎದುರು ಮನೆಯ ಪಿಂಜಾರ ಅಮೀನಸಾಬನ ಹೆಂಡತಿ. ಗಂಡ ಹತ್ತಿ ಹಿಂಜುತ್ತಿದ್ದ, ಅವಳು ಗಾದಿ ಹೊಲಿಯುತ್ತಿದ್ದಳು. ಬಾಯ್ತುಂಬ ಎಲೆಅಡಿಕೆ, ಮನೆ ತುಂಬ ಮಕ್ಕಳು. ಅವುಗಳಲ್ಲಿ ಒಂದನ್ನೂ ದೇವರು ಕಿತ್ತುಕೊಂಡಿರಲಿಲ್ಲ, ಹಾಗಾಗಿ ಓಣಿಯಲ್ಲಿ ಅವಳ ಕೈಗೆ ಭಾರೀ ಬೆಲೆ.

ಶಿವಬಸವ್ವ ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಿಲ ಬಾಗಿಲಿಂದ ಒಯ್ದು ತಿಪ್ಪೆಯ ಪಕ್ಕ ಇಟ್ಟಳು. ಮೊದಲೇ ಮಾತಾಗಿದ್ದಂತೆ ಹುಸೇನಬಿ ಆ ಕಡೆಯಿಂದ ಸುಮ್ಮನೆ ಬರುವವಳಂತೆ ಬಂದಳು. ಬಂದವಳು ಎದೆ ಮೇಲೆ ಕೈ ಇಟ್ಟುಕೊಂಡು ಕಂಪನಿ ನಾಟಕದವರಿಗಿಂತ ಜೋರಾಗಿ ಕೂಗಿದಳು.

“ಅಯ್ಯ ಅಲ್ಲಾ! ತಿಪ್ಪ್ಯಾಗ ಕೂಸು ಬಿದ್ದೈತಲ್ಲಾ! ಯಾರದರೀ ಇದು?”

“ನಮ್ಮದಲ್ಲವಾ, ನಮ್ಮ ಮನ್ಯಾಗ ಕೂಸಿಲ್ಲ,” ಅಂದಳು ಶಿವಬಸವ್ವ, ಮುಖ ಗಂಟಿಕ್ಕಿಕೊಂಡು.

“ಹಂಗಾರ ನಂದು. ಹಿಡೀರಿ ನಿಮ್ಮ ತೌಡು.” ಸೇರು ತುಂಬ ತೌಡನ್ನು ಶಿವಬಸವ್ವನ ಉಡಿಗೆ ಸುರಿದಳು. “ನನ್ನ ಮನ್ಯಾಗ ಮದಲs ಒಂದು ಹಿಂಡು ಅದಾವು. ಹಾಲು ಇರಾಕಿ ಯಾರರ ಇದ್ರ ಸಾಕಿ ಕೊಡ್ರಿ.”

ಬಾಗಿಲಲ್ಲಿ ನಿಂತಿದ್ದ ರತ್ನವ್ವ ಹೇಳಿಕೊಟ್ಟ ಮಾತನ್ನು ಹೇಳಿದಳು. “ಹುಸೇನಬೀ ಕೂಸು. ನಾ ಸಾಕತೇನಿ.”

ಎಲ್ಲರೂ ನಕ್ಕರು. ಕೂಸಿಗೆ ಫಕೀರ ಎಂದು ಹೆಸರಾಯಿತು. ರತ್ನವ್ವನಿಗೆ ಮಾತ್ರ ಒಂಥರಾ ಹಗುರವೆನಿಸಿತು. ಆ ಮಾತು ಹೇಳಲು ಅವಳಿಗೆ ಒಂಚೂರೂ ಕಷ್ಟವಾಗಿರಲಿಲ್ಲ. ಅದೇ ಅವಳ ಹೆದರಿಕೆ.

ಮಾರಿದ ತಾಯಂದಿರು ಕದ್ದು ಮುದ್ದು ಮಾಡುವುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಬಾಗಿಲ ಹಿಂದೆ ಒಂದು ಮುತ್ತು, ಅಡುಗೆಮನೆಯಲ್ಲಿ ಒಂದು ‘ನನ್ನ ರಾಜಾ’. ದೇವರು ಅದನ್ನು ನೋಡಿಯೂ ನೋಡದಂತೆ ಇರುತ್ತಾನೆ ಅಂತ ಎಲ್ಲರ ನಂಬಿಕೆ. ಗುರುಸಿದ್ದಯ್ಯ ಕೂಡ ಯಾರೂ ಇಲ್ಲದಾಗ ಹತ್ತಿ ಅಂಡಿಗೆಗಳ ಹಿಂದೆ ಕೂಸಿನ ಹೊಟ್ಟೆಗೆ ಮೀಸೆ ಉಜ್ಜಿ ನಗಿಸುತ್ತಿದ್ದ. ರತ್ನವ್ವ ಕದಿಯಲಿಲ್ಲ. ಎಣ್ಣೆ ಹಚ್ಚಿದಳು, ಎರೆದಳು, ಲೋಬಾನದ ಹೊಗೆ ಹಾಕಿದಳು, ಹೊತ್ತು ಹೊತ್ತಿಗೆ ಹಾಲು ಕೊಟ್ಟಳು. ಕೊಡುವಾಗ ಗೋಡೆ ನೋಡುತ್ತಿದ್ದಳು. ಜೋಗುಳ ಹಾಡಲಿಲ್ಲ.

“ನೇಮ ಅಂದ್ರ ಹಿಂಗಿರಬೇಕು ನೋಡ್ರಿ,” ಎಂದು ಓಣಿಯ ಹೆಂಗಸರು ಹೊಗಳಿದರು. “ಏನ ಗಟ್ಟಿ ಮನಸಬೇ ರತ್ನವ್ವಂದು! ಒಂದs ಒಂದು ಸಲ ‘ನನ್ನ ಮಗ’ ಅಂದದ್ದಿಲ್ಲ.”

ಒಂದೊಂದು ಹೊಗಳಿಕೆಯೂ ಜಾಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ನೇಮವಲ್ಲ ಅದು! ಅನ್ನಬೇಕು ಅನಿಸಿದ್ದರೆ ತಾನೇ ತಡೆಯುವುದು? ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಜೋಳದ ಕಣಜದ ಹಿಂದೆ ಕೂತು, ಕೂಸಿನ ಮುಖ ನೋಡುತ್ತ “ಬಂಗಾರಾ” ಅಂದು ನೋಡಿದಳು. ಅಂಗಡಿಯವನು ಗಿರಾಕಿಗೆ ‘ಬರ್ರಿ ಬರ್ರಿ’ ಅಂದ ಹಾಗಿತ್ತು. ಕೂಸು ಕೂಡ ಗಿರಾಕಿಯ ಹಾಗೆಯೇ ನೋಡಿತು. ರತ್ನವ್ವ ಮತ್ತೆ ಅನ್ನಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕೂಸು ಬೋರಲು ಬಿತ್ತು, ಕೂತುಕೊಂಡಿತು, ಕೆಳಗೆ ಎರಡು ಅಕ್ಕಿಕಾಳಿನಂಥ ಹಲ್ಲು ಮೂಡಿದವು. ಹಿಂದಿನ ಎರಡೂ ಈ ವಯಸ್ಸು ಕಂಡಿರಲಿಲ್ಲ. ಶಿವಬಸವ್ವ ಹಿಗ್ಗಿನಿಂದ ಜವಳದ ದಿನ ಗೊತ್ತು ಮಾಡಿದಳು. ಆ ದಿನ ಹತ್ತಿರವಾದಷ್ಟೂ ರತ್ನವ್ವನಿಗೆ ಊಟ ಸೇರದಾಯಿತು. ಇಷ್ಟು ದಿನ ಹುಸೇನಬೀ ಕೂಸು ಎಂಬ ಸೆರಗಿನ ಮರೆಯಿತ್ತು. ಕೊಂಡ ಮೇಲೆ ಅದು ತನ್ನದೇ. ಆಮೇಲೂ ಏನೂ ಬರದಿದ್ದರೆ?

ಜವಳಕ್ಕೆ ನೆಂಟರಿಷ್ಟರು ನೆರೆದರು. ಪಡಸಾಲೆಯ ತುಂಬ ಹೂರಣದ ವಾಸನೆ. ಹಡಪದವನು ಹುಸೇನಬಿಯ ತೊಡೆಯ ಮೇಲೆ ಕೂಸಿನ ತಲೆ ಬೋಳಿಸಿದ. ಅದು ಅತ್ತು ಅತ್ತು ಕೆಂಪಾಗಿ, ಆಮೇಲೆ ತನ್ನ ತಲೆ ತಾನೇ ಸವರಿಕೊಂಡು ಸುಮ್ಮನಾಯಿತು. ಹುಸೇನಬಿ ಅದನ್ನು ಮೊರದಲ್ಲಿ ಕೂಡಿಸಿಕೊಂಡು ಹೊಸ್ತಿಲ ಹೊರಗೆ ನಿಂತಳು. ತೌಡಿನ ಸೇರು ಹಿಡಿದು ರತ್ನವ್ವ ಒಳಗೆ ನಿಂತಳು.

“ಕೂಸು ಮಾರಾಕ ಬಂದೇನ್ರೀ! ಯಾರಿಗೆ ಬೇಕು?”

‘ನನಗ ಬೇಕು’ ಅನ್ನಬೇಕಿತ್ತು. ಅಷ್ಟೇ.

ರತ್ನವ್ವ ಬಾಯಿ ತೆರೆದಳು. ಕಣಜದ ಹಿಂದೆ ಸುಳ್ಳು ಹೇಳಬಹುದು, ಗಂಡನಿಗೆ ಹೇಳಬಹುದು, ಅತ್ತೆಗೆ ಹೇಳಬಹುದು. ಹೊಸ್ತಿಲ ಮೇಲೆ ನಿಂತು ಹೇಗೆ ಹೇಳುವುದು? ಎರಡು ಕೂಸುಗಳನ್ನು ಇದೇ ಹೊಸ್ತಿಲು ದಾಟಿಸಿ ಒಯ್ದಿದ್ದರು. ಸುಳ್ಳಿನ ‘ಬೇಕು’ ಎಲ್ಲಿಗಾದರೂ ಮುಟ್ಟಿ, ಮೂರನೆಯದಕ್ಕೂ ಏನಾದರೂ ಆದರೆ?

“ಯಾರಿಗೆ ಬೇಕ್ರೀ?” ಹುಸೇನಬಿ ಮತ್ತೆ ಕೂಗಿದಳು.

“ಅನ್ನಲೇ, ಅನ್ನು!” ಹಿಂದಿನಿಂದ ಶಿವಬಸವ್ವ ಪಿಸುಗುಟ್ಟಿದಳು. ಯಾರೋ ಕಿಸಕ್ಕೆಂದು ನಕ್ಕರು. ಇನ್ನಾರೋ “ಯಾಕ, ಸೊಸಿಗೆ ಬಾಯಿ ಹೋತೇನು?” ಅಂದರು. ಸೇರು ಓರೆಯಾಗಿ ತೌಡು ನೆಲಕ್ಕೆ ಉದುರಿತು. ರತ್ನವ್ವನ ಕಣ್ಣು ಹುಸೇನಬಿಯ ಕಣ್ಣಿಗೆ ಸಿಕ್ಕಿತು. ಹುಸೇನಬಿಯ ಬಾಯಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿತು.

ಒಂದು ಗಳಿಗೆ, ಅಷ್ಟೇ. ಆಮೇಲೆ ಹುಸೇನಬಿ ಮೊರವನ್ನು ಸೊಂಟಕ್ಕೆ ಏರಿಸಿಕೊಂಡಳು.

“ಮಾರಂಗಿಲ್ಲ ಹೋಗ್ರಿ!”

“ಏನಂದಿ?” ಶಿವಬಸವ್ವ ಮುಂದೆ ಬಂದಳು.

“ಇವತ್ತು ಮಾರಂಗಿಲ್ಲ. ಸೇರು ತೌಡಿಗೆ ಕೊಂಡಾಗ ಇದು ಇಲಿಮರಿ ಇದ್ದಂಗಿತ್ತು. ಈಗ ನೋಡ್ರಿ, ಹಲ್ಲು ಬಂದಾವು, ತೊಡಿ ಬಂದಾವು. ಅದs ಧಾರಣಿಗೆ ಕೊಡಾಕ ನಾ ಏನ ಹುಚ್ಚಿನು? ನಿಮ್ಮ ಮಗಾ ಗುರುಸಿದ್ದಯ್ಯಾರು ಧಾರಣಿ ಏರೂತನಕಾ ಹತ್ತಿ ಹಿಡಿದಿಡೂದಿಲ್ಲೇನು? ನಾನೂ ಹಿಡಿತೇನಿ!”

ಪಡಸಾಲೆಯೇ ಗೊಳ್ಳೆಂದಿತು. ಗುರುಸಿದ್ದಯ್ಯ ನಾಚಿ ರುಮಾಲು ಸರಿಮಾಡಿಕೊಂಡ. ನಗೆಯ ಗದ್ದಲದಲ್ಲಿ ರತ್ನವ್ವ ಏನೂ ಅನ್ನಲಿಲ್ಲ ಎಂಬುದು ಎಲ್ಲರಿಗೂ ಮರೆತೇಹೋಯಿತು. ಹುಸೇನಬಿ ಆಗಲೇ ಓಣಿ ದಾಟುತ್ತಿದ್ದಳು, ಮೊರದಲ್ಲಿ ಬೋಳುತಲೆಯ ಫಕೀರ ರಾಜನಂತೆ ಕೂತಿದ್ದ.

“ಹಾಲು?” ಶಿವಬಸವ್ವ ಕೂಗಿದಳು. “ನಿನ್ನ ಮನ್ಯಾಗ ಅದಕ್ಕ ಏನ ತಿನಸಾಕಿ ನೀ?”

“ಏನೂ ತಿನಸೂದಿಲ್ರೀ ಎವ್ವಾ. ಸಾಕಾಕಿ ಬಂದು ಕುಡಿಸಿ ಹೋಗಲಿ! ಎದಿ ಹಾಲಿಗೆ ಯಾವ ಮಡಿ?”

ಅಂದಿನಿಂದ ರತ್ನವ್ವ ದಿನಕ್ಕೆ ನಾಲ್ಕಾರು ಸಲ ಓಣಿ ದಾಟಿ ಹುಸೇನಬಿಯ ಅಂಗಳಕ್ಕೆ ಹೋಗಿಬರತೊಡಗಿದಳು.

ಆ ಅಂಗಳವನ್ನು ರತ್ನವ್ವ ಮುದುಕಿಯಾದ ಮೇಲೂ ನೆನೆಯುತ್ತಿದ್ದಳು. ಸೂರಿನಿಂದ ಇಳಿಬಿಟ್ಟ ದೊಡ್ಡ ಬಿಲ್ಲು, ಅದರ ನರಕ್ಕೆ ಅಮೀನಸಾಬ ಕೊಡತಿಯಿಂದ ಹೊಡೆದರೆ ಟುಂಯ್ ಟುಂಯ್ ಟಕ್ ಎಂಬ ಸದ್ದು. ಗಂಟುಗಂಟಾಗಿದ್ದ ಹಳೇ ಹತ್ತಿ ಹೆದರಿದಂತೆ ಹಾರಿ, ಬಿಡಿಬಿಡಿಯಾಗಿ, ಮೋಡದ ಹಾಗೆ ರಾಶಿ ಬೀಳುತ್ತಿತ್ತು. ಬೇಸಿಗೆಯ ಬಿಸಿಲಿನಲ್ಲಿ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಎಲ್ಲರ ಹುಬ್ಬೂ ಬೆಳ್ಳಗೆ. ಹುಸೇನಬಿಯ ಮಕ್ಕಳು ಹತ್ತಿ ಮೀಸೆ ಅಂಟಿಸಿಕೊಂಡು ಗುರುಸಿದ್ದಯ್ಯನಂತೆ ಗತ್ತಿನಿಂದ ನಡೆದು ತೋರಿಸುತ್ತಿದ್ದವು. ರತ್ನವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಎಷ್ಟು ತಿಂಗಳ ಮೇಲೆ ನಕ್ಕಿದ್ದಳೋ! ಆ ಬಿಲ್ಲಿನ ಸದ್ದು ಆಮೇಲೆ ಊರಿನಿಂದಲೇ ಹೋಯಿತು.

ಮೊದಮೊದಲು ಹುಸೇನಬಿ ಏನನ್ನೂ ಕೇಳಲಿಲ್ಲ. ಒಂದು ದಿನ ಗಾದಿಯ ಅಂಚು ಹೊಲಿಯುತ್ತ, ತಲೆ ಎತ್ತದೆ ಅಂದಳು:

“ಗ್ವಾಡಿ ನೋಡಕೋತ ಕುಡಸ್ತೀ.”

ರತ್ನವ್ವ ಬೆಚ್ಚಿದಳು. ಸೆರಗಿನೊಳಗೆ ಕೂಸು ಚಪ್ಪರಿಸುತ್ತಿತ್ತು. ಅಮೀನಸಾಬ ನಮಾಜಿಗೆ ಹೋಗಿದ್ದ.

“ಬೂಬೂ,” ಅಂದಳು ಕೊನೆಗೆ, “ನನಗ ಈ ಕೂಸಿನ ಮ್ಯಾಲ ಮಾಯಾ ಬರವಲ್ದು.”

ಅಂದುಬಿಟ್ಟಳು. ಸೂರು ಕಳಚಿ ಬೀಳಲಿಲ್ಲ. ಹುಸೇನಬಿ ದಾರವನ್ನು ಹಲ್ಲಿನಿಂದ ಕಡಿದಳು.

“ಮದಲಿನ ಎರಡಕ್ಕ ಬಂದಿತ್ತು?”

“ಭಾಳ ಬಂದಿತ್ತು.”

“ಮತ್ತ ಅದು ಅವುನ್ನ ಹುಡಕೊಂಡು ಹೋಗಿರಬೇಕು. ಬರ್ತೈತಿ.” ಸೂಜಿಗೆ ಮತ್ತೆ ದಾರ ಪೋಣಿಸಿದಳು. “ನಮ್ಮ ಗುಲ್ಜಾರ ಅದಾಳಲಾ, ನಡಬರಕಿನಾಕಿ. ಆಕಿ ಹುಟ್ಟಿದಾಗ ನನಗೂ ಹಿಂಗs. ಯಾರರ ಒಯ್ದ್ರ ಒಯ್ಯಲಿ ಅನಸ್ತಿತ್ತು. ನಮ್ಮತ್ತಿ ತಾಯತಾ ಕಟ್ಟಿಸಿದಳು, ಉಪಾಸ ಕೆಡವಿದಳು, ಸೈತಾನ ಹೊಕ್ಕಾನ ಅಂದಳು.”

“ಆಮ್ಯಾಲ?”

“ಆಮ್ಯಾಲ ಏನ? ಎರೀತಿದ್ನಿ, ಕುಡಸ್ತಿದ್ನಿ, ಹೊಲೀತಿದ್ನಿ. ಯಾವಾಗ ಬಂತೋ ಗೊತ್ತಿಲ್ಲ. ಹಾಲಿನಂಗ ಅಲ್ಲ ತಂಗಿ ಅದು, ಒಮ್ಮಿಂದೊಮ್ಮೆಲೆ ಜುಮ್ ಅಂತ ಇಳಿಯಾಕ. ನೀ ಸುಮ್ಮ ಬಾ, ಕುಡಸು, ಹೋಗು. ಇಲ್ಲಿ ನಿನ್ನ ಮಾರಿ ನೋಡಾವರು ಯಾರೂ ಇಲ್ಲ.”

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ನಂದs ಇರಲಿ. ತೌಡು ಕೊಟ್ಟೇನಿ, ಪುಕ್ಕಟ ತಂದಿಲ್ಲ!”

ಇಬ್ಬರೂ ನಕ್ಕರು. ಆದರೆ ಕೊನೆಯ ಮಾತು ರತ್ನವ್ವನ ಕಿವಿಯಲ್ಲಿ ಮನೆಯವರೆಗೂ ಬಂತು.

ಶಿವಬಸವ್ವ ತಾಳ್ಮೆ ಕಳೆದುಕೊಳ್ಳುತ್ತಿದ್ದಳು. ಎರಡು ಸೇರು ಕಳಿಸಿದಳು, ಹುಸೇನಬಿ “ಧಾರಣಿ ಇನ್ನಾ ಏರಾಕತೈತ್ರೀ” ಎಂದು ಹಿಂದೆ ಕಳಿಸಿದಳು. ಒಂದು ಚೀಲ ಕಳಿಸಿದಳು, ಅದೂ ಹಿಂದೆ ಬಂತು. ಓಣಿಗೆಲ್ಲ ಇದೊಂದು ಮೋಜಾಯಿತು. ಆದರೆ ಯುಗಾದಿ ಹತ್ತಿರ ಬರುತ್ತಿದ್ದಂತೆ ಶಿವಬಸವ್ವ ಗಟ್ಟಿಯಾಗಿ ಹೇಳಿದಳು: “ಹಬ್ಬಕ್ಕ ಕೂಸು ಮನ್ಯಾಗಿರಬೇಕು. ಇಲ್ಲಂದ್ರ ನಾನs ಹೋಗಿ ಎತಗೊಂಡು ಬರ್ತೇನಿ. ನೀ ಏನರ ಅನ್ನು, ಬಿಡು.”

ರತ್ನವ್ವ ತಲೆ ತಗ್ಗಿಸಿದಳು. ಬಾಯಿ ತೆರೆಯದೆಯೇ ಕೂಸು ಮನೆಗೆ ಬಂದುಬಿಡುತ್ತದೆ, ತಾನು ಹಾಗೆಯೇ ಗೋಡೆ ನೋಡುತ್ತ ಅದನ್ನು ದೊಡ್ಡದು ಮಾಡುತ್ತಾಳೆ. ಅದು ಒಂದು ದಿನ ಕೇಳುತ್ತದೆ, ಯಾಕವ್ವ ನೀ ನನ್ನ ನೋಡೂದಿಲ್ಲ ಅಂತ.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಅವತ್ತು ಮಧ್ಯಾಹ್ನ ರತ್ನವ್ವ ಹೋದಾಗ ಅಂಗಳದಲ್ಲಿ ಒಂದು ಚಕ್ಕಡಿ ನಿಂತಿತ್ತು. ಧಾರವಾಡದ ಸಪ್ತಾಪುರದ ಕಡೆಯಿಂದ ದೇವಕ್ಕ ಎಂಬ ಗಟ್ಟಿಗಿತ್ತಿ ಮಗಳ ಮದುವೆಗೆ ಗಾದಿ ಮಾಡಿಸಲು ಬಂದಿದ್ದಳು. ಹತ್ತಿಯನ್ನು ಹಿಡಿಹಿಡಿಯಾಗಿ ಎತ್ತಿ ನೋಡುತ್ತ, ಇದು ಜೊಳ್ಳು, ಇದರಲ್ಲಿ ಬೀಜ ಐತಿ ಎಂದು ತೆಗಳುತ್ತಿದ್ದಳು. ಅಮೀನಸಾಬ “ಹೌದ್ರೀ ಅಕ್ಕಾರ” ಎನ್ನುತ್ತ ತನ್ನ ಕೆಲಸ ತಾನು ಮಾಡುತ್ತಿದ್ದ. ಫಕೀರ ಹತ್ತಿ ರಾಶಿಯ ಪಕ್ಕ ಚಾಪೆಯ ಮೇಲೆ ಕೂತಿದ್ದ. ಬೋಳುತಲೆಯ ಮೇಲೆ ಎಳೆಹುಲ್ಲಿನಂತೆ ಕೂದಲು ಹೊರಟಿತ್ತು.

ದೇವಕ್ಕನ ಕಣ್ಣು ಹತ್ತಿಯಿಂದ ಕೂಸಿಗೆ ಹೊರಳಿತು. ಹತ್ತಿಯನ್ನು ನೋಡಿದ ಹಾಗೆಯೇ ಅದನ್ನೂ ನೋಡಿದಳು.

“ಯಾರದು ಇದು?”

“ನಂದs ರೀ,” ಅಂದಳು ಹುಸೇನಬಿ.

“ಹಣಿ ಸಣ್ಣದೈತಿ. ಮಂದ ಬುದ್ಧಿ ಇರಬೇಕು. ಕರದ್ರೂ ತಿರಗಿ ನೋಡವಲ್ದು, ಕಿವಿ ಕೇಳಿಸ್ತಾವಿಲ್ಲೋ?”

“ಯಾಕ ಕೇಳಸೂದಿಲ್ಲ?”

ಅಂದವಳು ರತ್ನವ್ವ. ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದವಳು ಒಂದೇ ಚಪ್ಪಲಿಯಲ್ಲಿ ಅಂಗಳದ ನಡುವೆ ಬಂದು ನಿಂತಿದ್ದಳು.

“ಬಿಲ್ಲಿನ ಸಪ್ಪಳಕ್ಕ ನಿಮ್ಮ ದನಿ ಕೇಳಿಸಿಲ್ಲ. ಅವರಪ್ಪನ ಚಕ್ಕಡಿ ಕೆರಿ ಹತ್ರ ಇದ್ದಾಗs ಗೆಜ್ಜಿ ಸಪ್ಪಳಾ ಕೇಳಿ ಕಾಲು ಬಡೀತಾನ ಇಂವಾ! ಬ್ಯಾರೇದಾವರ ಚಕ್ಕಡಿಗೆ ಬಡಿಯಂಗಿಲ್ಲ. ಮಂದ ಬುದ್ಧಿ ಅಂತ, ಮಂದ! ಎಡಕಿನ ಎದಿಯಾಗ ಹಾಲು ಕಡಿಮಿ ಅಂತ ಇವಗ ಗೊತ್ತೈತಿ, ಮದಲು ಅದನ್ನ ಕುಡದು ಮುಗಿಸಿ ಬಲಕಿಂದು ಆರಾಮ ಕುಡೀತಾನ. ಬಿಕ್ಕಳಿಕಿ ಬಂದ್ರ ನೀರು ಕುಡಿಸಿದ್ರ ನಿಂದ್ರಂಗಿಲ್ಲ, ಬೆನ್ನ ಮ್ಯಾಲ ಉಲ್ಟಾ ಸವರಬೇಕು. ಮಕ್ಕೊಂಡಾಗ ಒಂದು ಕಣ್ಣು ಅರಧಾ ತಕ್ಕೊಂಡs ಇರ್ತಾನ. ಲೋಬಾನ ಅಂದ್ರ ಮೂಗು ಮುರೀತಾನ, ಸುಟ್ಟ ರೊಟ್ಟಿ ವಾಸನಿ ಬಂದ್ರ ನಗತಾನ. ಹಣಿ ಸಣ್ಣದು? ನಿಮ್ಮ ಕಣ್ಣು ಸಣ್ಣವು!”

ಬಿಲ್ಲು ನಿಂತಿತ್ತು. ಅಮೀನಸಾಬ ಕೊಡತಿ ಎತ್ತಿದವನು ಎತ್ತಿದ ಹಾಗೆಯೇ ನಿಂತಿದ್ದ.

ರತ್ನವ್ವನಿಗೆ ಉಸಿರು ಹತ್ತಿತ್ತು. ಇಷ್ಟೆಲ್ಲ ತನಗೆ ಹೇಗೆ ಗೊತ್ತು? ಯಾವಾಗ ನೋಡಿದೆ? ಗೋಡೆಯನ್ನೇ ನೋಡುತ್ತಿದ್ದೆನಲ್ಲ!

“ನಿನಗ್ಯಾಕವಾ ಇಷ್ಟು ಸಿಟ್ಟು?” ದೇವಕ್ಕ ಸೊಂಟಕ್ಕೆ ಕೈ ಇಟ್ಟಳು. “ಕೂಸು ಈಕಿದು. ನೀ ಯಾರು?”

“ನಾ ಅವರವ್ವ.”

ಗಾಳಿಯಲ್ಲಿ ಹತ್ತಿ ಎಳೆಗಳು ನಿಧಾನವಾಗಿ ಕೆಳಗಿಳಿಯುತ್ತಿದ್ದವು. ದೇವಕ್ಕ ಹುಸೇನಬಿಯ ಕಡೆ ನೋಡಿದಳು, ಹುಸೇನಬಿ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು, ಅವಳ ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. “ಇದೆಂಥಾ ಊರೋ ಮಾರಾಯಾ, ಒಂದು ಕೂಸಿಗೆ ಇಬ್ಬರು ಅವ್ವಗಳು!” ಎಂದು ದೇವಕ್ಕ ಚಕ್ಕಡಿಯ ಕಡೆ ನಡೆದಳು.

ರತ್ನವ್ವ ಕೂಸನ್ನು ಎತ್ತಿಕೊಂಡಳು. ಅದರ ಮುಖ ನೋಡಿದಳು, ಅದೂ ನೋಡಿತು. ಏನೂ ಉಕ್ಕಿ ಬರಲಿಲ್ಲ. ಉಕ್ಕಿ ಬರುವುದಕ್ಕೆ ಏನೂ ಉಳಿದಿರಲಿಲ್ಲ, ಅದು ಆಗಲೇ ಅವಳ ತುಂಬ ನಿಂತಿತ್ತು, ತಿಂಗಳುಗಟ್ಟಲೆ ಸದ್ದಿಲ್ಲದೆ ತುಂಬಿದ ಬಾವಿಯ ಹಾಗೆ. ಅಷ್ಟರಲ್ಲಿ ಫಕೀರ ಸೀನಿದ.

ರತ್ನವ್ವ ಕೂಸಿನ ಹಣೆಗೆ ಅಂಗೈ ಒತ್ತಿದಳು.

“ಬೂಬೂ! ಸೀನಿದಾ!”

“ಪಿಂಜಾರರ ಅಂಗಳದಾಗ ಸೀನಲಾರದ ಹಾಡ್ತಾನೇನು?”

“ಇಲ್ಲಬೇ, ಹಣಿ ಬಿಸಿ ಆಗೇತಿ ನೋಡು! ಕೈ ಇಟ್ಟು ನೋಡಿಲ್ಲೆ!”

ಹುಸೇನಬಿ ಕೈ ಇಡಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ ಅಂದಳು, “ಇಷ್ಟು ದಿನ ಇಂವಾ ನೂರು ಸಲ ಸೀನ್ಯಾನ. ನೀ ಒಮ್ಮಿ ಅಂಜಿದ್ದಿಲ್ಲ. ಒಯ್ಯಿ ಇನ್ನ, ಒಯ್ಯಿ. ಧಾರಣಿ ಮುಟ್ಟೇತಿ.”

ಓಣಿ ದಾಟಲು ಅವತ್ತು ಬಹಳ ಹೊತ್ತು ಹಿಡಿಯಿತು. ದೂರದಲ್ಲಿ ಚಕ್ಕಡಿ ಕಂಡರೆ ಗೋಡೆಗೆ ಒತ್ತಿ ನಿಂತಳು. ಬಿಸಿಲಿಗೆ ಸೆರಗು ಮುಚ್ಚಿದಳು, ಸೆಕೆಯಾದೀತೆಂದು ತೆಗೆದಳು. ಹಳೆಯ ಹೆದರಿಕೆಯೆಲ್ಲ ಒಂದೊಂದಾಗಿ, ಊರು ಬಿಟ್ಟು ಹೋಗಿದ್ದ ನೆಂಟರ ಹಾಗೆ ಹಿಂದಿರುಗಿ ಬರುತ್ತಿದ್ದವು. ಅವಳು ಯಾವುದನ್ನೂ ಬೇಡ ಅನ್ನಲಿಲ್ಲ.

ಕಟ್ಟೆಯ ಮೇಲೆ ಬೇಳೆ ಆರಿಸುತ್ತಿದ್ದ ಶಿವಬಸವ್ವ ಸಟಕ್ಕನೆ ಎದ್ದಳು.

“ಕೊಟ್ಟಳೇನು? ತೌಡು? ಮೊರಾ ಎಲ್ಲೈತಿ? ಹೊಸ್ತಿಲದಾಗ ನಿಂತು ಕೇಳಬೇಕಲಾ!”

“ಏನೂ ಕೇಳಿಲ್ರೀ ಅತ್ತಿ. ನನ್ನ ಮಗನ್ನ ಕರಕೊಂಡು ಬಂದೇನಿ.”

“ಹಂಗ ಗಟ್ಟಿಗೆ ಅನಬ್ಯಾಡs! ಯಾರರ ಕೇಳ್ಯಾರು!” ಶಿವಬಸವ್ವ ಆಕಾಶದ ಕಡೆ, ಓಣಿಯ ಕಡೆ, ಎಲ್ಲ ಕಡೆ ನೋಡಿದಳು. ಮುಖ ಬಿಳಿಚಿತ್ತು. ಎರಡು ಕೂಸುಗಳಿಗೆ ಅಜ್ಜಿಯಾಗಿ ಎರಡು ಸಲ ಎದೆ ಬಡಿದುಕೊಂಡವಳು ಅವಳೂ ಹೌದು.

“ಅಂದಾಗೇತ್ರೀ,” ಅಂದಳು ರತ್ನವ್ವ. “ಬಾಯಿಂದ ಬಿದ್ದದ್ದು ಇನ್ನ ಹ್ಯಾಂಗ ನುಂಗಲಿ?”

ಶಿವಬಸವ್ವ ಒಂದು ಗಳಿಗೆ ಸೊಸೆಯ ಮುಖವನ್ನೇ ದಿಟ್ಟಿಸಿದಳು. ಸರಸರ ಒಳಗೆ ಹೋಗಿ, ಒಲೆಯ ಮೇಲಿನ ಗಡಿಗೆಯ ಮಸಿಯನ್ನು ಬೆರಳಿಗೆ ಒತ್ತಿಕೊಂಡು ಬಂದಳು. ಕೂಸಿನ ಗಲ್ಲಕ್ಕೆ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ಟಳು. ಬೆರಳಲ್ಲಿ ಇನ್ನೂ ಮಸಿ ಉಳಿದಿತ್ತು. ಅದನ್ನು ರತ್ನವ್ವನ ಗಲ್ಲಕ್ಕೆ ಒರೆಸಿದಳು.